ಟೀವಿಯವಳ ಸೂತಕ

ಆ ಧಾರಾವಾಹಿ ಬರೆದವನು ಯಾರೋ ನನಗೆ ಗೊತ್ತಿಲ್ಲ. ಎದುರಿಗೆ ಸಿಕ್ಕಿದ್ದರೆ ಅಜ್ಜಿ ಕಲಿಸಿದ ಬೈಗುಳದಲ್ಲಿ ಒಂದನ್ನೂ ಉಳಿಸಿಕೊಳ್ಳದೆ ಬೈದುಬಿಡುತ್ತಿದ್ದೆ. ನನಗೆ ಮಾತು ಕಲಿಸಿದವಳೇ ಅಜ್ಜಿ; ಹರಸುವುದೂ ಶಪಿಸುವುದೂ ಅವಳಿಂದಲೇ ಬಂದದ್ದು.

ಹಂದನಕೆರೆ ಹತ್ತಿರದ ನಮ್ಮ ತವರುಮನೆಯಲ್ಲಿ ಸಂಜೆ ದೀಪ ಹಚ್ಚಿದ ಕೂಡಲೇ ಆ ಧಾರಾವಾಹಿಯ ಸೊಸೆ ಟೀವಿಯಲ್ಲಿ ಬರುತ್ತಿದ್ದಳು. ಅಜ್ಜಿ ಅವಳನ್ನು 'ನಮ್ಮುಡುಗಿ' ಅನ್ನುತ್ತಿದ್ದಳು. ಅವಳ ಅತ್ತೆ ಕಾಣಿಸಿದರೆ ಎಲೆಅಡಿಕೆ ಉಗಿದು ಬಂದು, "ನಿನ್ ಮನೆ ಹಾಳಾಗ" ಎನ್ನುವಳು. ಗಂಡನ ಹೊಡೆತ ತಾಳದೆ ಆಕೆ ತವರು ಸೇರಿದ ದಿನ ನಮ್ಮ ಮನೆಯವರೆಲ್ಲ ನೆಮ್ಮದಿಯಾಗಿ ಉಂಡಿದ್ದರು. ಆಮೇಲೆ ಅವಳ ತಾಯಿ, ಹೊಂದಿಕೊಂಡು ಹೋಗು ಅಂತ ಮಡಿಲಕ್ಕಿ ತುಂಬಿ ಕಳಿಸಿದಳು. ಕೊನೆಯ ಕಂತಿನಲ್ಲಿ ಗಂಡ ತಳ್ಳಿದ, ಮೆಟ್ಟಿಲಿಂದ ಬಿದ್ದು ಸತ್ತಳು. ಹೆಣ ತೋರಿಸುವ ನಡುವೆ ಸೋಪಿನ ಜಾಹೀರಾತು ಬೇರೆ!

ಅಮ್ಮ ಸೆರಗು ಕಚ್ಚಿಕೊಂಡು ಅತ್ತಳು. ಅಪ್ಪನೂ ಕಣ್ಣೊರೆಸಿಕೊಂಡು, "ಪಾಪ ಕಣೇ, ಎಂಥಾ ಹೆಣ್ಮಗಳು" ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ಅದೇ ಪಡಸಾಲೆಯ ಕಂಬಕ್ಕೆ ಒರಗಿ ನನ್ನ ತಂಗಿ ಕೂತಿದ್ದಳು. ಗಂಡ ತಿರುಚಿದ ಮಣಿಕಟ್ಟು ಊದಿತ್ತು, ಅದಕ್ಕೆ ಅರಿಶಿನದ ಪಟ್ಟು. ಮರುದಿನ ಬೆಳಿಗ್ಗೆ ಅವಳಿಗೂ ಮಡಿಲು ತುಂಬಿ, ಕಿಬ್ಬನಹಳ್ಳಿಯ ಬಸ್ ನಿಲ್ದಾಣಕ್ಕೆ ಕರೆದೊಯ್ದು, ಅಲ್ಲಿಗೆ ಬರುವ ಆ ಗಂಡನಿಗೇ ಒಪ್ಪಿಸುವುದೆಂದು ಇದೇ ಅಪ್ಪ ತೀರ್ಮಾನಿಸಿದ್ದ. ಅಜ್ಜಿಯೂ ಹೂಂ ಅಂದಿದ್ದಳು. ಜಗಳ ಆಡಲೆಂದೇ ನಾನು ಹೊನ್ನವಳ್ಳಿಯಿಂದ ಬಂದಿದ್ದೆ. ಮಧ್ಯಾಹ್ನವೆಲ್ಲ ಕಿರುಚಿ ಗಂಟಲು ಕಟ್ಟಿತ್ತೇ ಹೊರತು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಟೀವಿಯವಳಿಗೆ ಸುರಿಸಲು ಮಾತ್ರ ಇವರ ಬಳಿ ಅಷ್ಟು ಕಣ್ಣೀರು!

"ಅಳ್ರಿ, ಚೆನ್ನಾಗಿ ಅಳ್ರಿ. ನಾಳೆಗೂ ಒಸಿ ಉಳಿಸ್ಕೊಳ್ಳಿ" ಎಂದೆ.

"ಅದು ಕಥೆ ಕಣಮ್ಮಾ" ಎನ್ನುತ್ತಾ ಅಪ್ಪ ಎದ್ದ. ಮಡಿಲಿಗೆ ಇಡಲು ಆರಿಸಿದ್ದ ತೆಂಗಿನಕಾಯಿಯನ್ನು ಸುಲಿಯಲು ಅಂಗಳಕ್ಕೆ ಹೊರಟ.

ಅಷ್ಟರಲ್ಲಿ ಬಚ್ಚಲಲ್ಲಿ ನೀರು ದಬದಬ ಸುರಿಯುವ ಸದ್ದು. ಅಜ್ಜಿ ತಲೆಯ ಮೇಲೆ ತಣ್ಣೀರು ಹುಯ್ದುಕೊಂಡು, ಸಾವಿನ ಮನೆಗೆ ಹೋಗಿ ಬಂದವರ ಹಾಗೆ, ಒದ್ದೆ ಸೀರೆಯಲ್ಲಿ ನಡುಗುತ್ತಾ ಬಂದು ನಿಂತಳು.

"ಏನವ್ವಾ ಇದು? ಟೀವಿಯೋಳಿಗೆಲ್ಲ ನೀರು ಹಾಕ್ಕೊತಾರಾ?" ಅಪ್ಪನಿಗೆ ನಗು.

"ನಮ್ಮುಡುಗಿ ಸತ್ತವ್ಳೆ, ನಗ್ತೀಯೇನ್ಲಾ?"

"ಆಯ್ತು ಬುಡವ್ವಾ. ಒಣಗಿದ್ದು ಉಟ್ಕೋ. ಬೆಳಿಗ್ಗೆ ನೀನೇ ಮಡ್ಲು ತುಂಬ್ಬೇಕು."

"ಸೂತ್ಕದ ಮನೇಲಿ ಮಡ್ಲು ತುಂಬ್ತಾರೇನ್ಲಾ?"

ಅಪ್ಪನ ನಗು ನಿಂತಿತು. "ಓಹೋ. ಎಷ್ಟು ದಿನವೋ ಈ ಸೂತ್ಕ?" ಎಂದ ಕೊಂಕಾಗಿ.

"ಆ ಕಾಯಿ ಸುಲೀಬ್ಯಾಡ, ಅಟ್ಟಕ್ಕಾಕು. ಅದು ಕೊಬ್ಬರಿ ಆಗೋಗಂಟ."

ನಮ್ಮ ಕಡೆ ಸಿಪ್ಪೆಸಮೇತ ಅಟ್ಟಕ್ಕೆ ಹಾಕಿದ ಕಾಯಿ, ಒಳಗಿನ ನೀರು ಬತ್ತಿ ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಅಪ್ಪನಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

"ಅಳಿಯ ಕಿಬ್ಬನಳ್ಳೀಲಿ ಕಾಯ್ತಿರ್ತಾನಲ್ಲವ್ವಾ..."

"ಕಾಯ್ಲಿ. ಬಸ್ಸು ಬೇಕಾದಷ್ಟವೆ, ಹತ್ಕೊಂಡು ಹೋಗ್ತಾನೆ."

ಧಾರಾವಾಹಿಯವನ ಮೇಲೆ ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಇವರ ಮೇಲೂ ಇಳಿದಿಲ್ಲ. ಇಲ್ಲದ ಒಬ್ಬಳನ್ನು ಕೊಂದು ತೋರಿಸಿದ ಮೇಲೆಯೇ ಇವರಿಗೆ ಇರುವವಳು ಕಾಣಬೇಕೇ? ನಾನು ಕಿರುಚಿದ್ದು ಯಾವ ಲೆಕ್ಕಕ್ಕೆ?

ತಂಗಿ ಎದ್ದು ಬಂದಳು. ಸರಿಯಿದ್ದ ಕೈಯಿಂದ ಅಪ್ಪನ ಕೈಯಲ್ಲಿದ್ದ ಕಾಯಿಯನ್ನು ಕಿತ್ತು ನನಗೆ ಕೊಟ್ಟಳು. ನಾನು ಏಣಿ ಹತ್ತಿದೆ.

ಕೆಳಗಿನಿಂದ ಅಜ್ಜಿ ಹಲ್ಲು ಕಟಕಟ ಕಡಿಯುತ್ತಲೇ ಕೂಗಿದಳು: "ಮೂಲೇಗೆ ನೂಕು ಕಣೇ. ಇವನ ಕೈಗೆ ಸಿಕ್ಬಾರ್ದು."