ಸಾಯಿಸದೆ ಬಿಟ್ಟ ಸೋಡಿಯಂ

ಮಹಬೂಬ, ಆ ಡಬ್ಬಿ ನನ್ನದು. ನಿನ್ನ ಎಡಗಣ್ಣನ್ನು ತಿಂದ ಸೋಡಿಯಮ್ಮನ್ನು ಅದರಲ್ಲಿ ಹಾಕಿ ಸಿಂಕಿನ ಪಕ್ಕ ಇಟ್ಟವನು ನಾನು. ಆಮೇಲೆ, ನಿನ್ನ ಮುಖ ಇನ್ನೂ ಹೊಗೆಯಾಡುತ್ತಿರುವಾಗಲೇ, ಎಲ್ಲರ ಎದುರು ಅದನ್ನು ನಿನ್ನ ತಲೆಗೆ ಕಟ್ಟಿದವನೂ ನಾನೇ. ಇಷ್ಟು ವರ್ಷ ಇದನ್ನು ಬಾಯೊಳಗೇ ಇಟ್ಟುಕೊಂಡು ಉಂಡಿದ್ದೇನೆ, ನಕ್ಕಿದ್ದೇನೆ, ಮಕ್ಕಳಿಗೆ ಪಾಠ ಹೇಳಿದ್ದೇನೆ. ನಾಚಿಕೆಗೆಟ್ಟವನಿಗೆ ಎಲ್ಲವೂ ರೂಢಿಯಾಗುತ್ತದೆ.

ನಾವಿಬ್ಬರೂ ದುರ್ಗದ ಹೊರಗಿನ ಆ ಲ್ಯಾಬಿಗೆ ಡಾಕ್ಟರೇಟ್ ಮಾಡಲು ಒಟ್ಟಿಗೇ ಸೇರಿದವರು. ನಾನು ಯಲ್ಲದಕೆರೆಯ ಕುರಿ ಸಾಕುವವರ ಮನೆಯವನು, ನೀನು ಐಮಂಗಲದ ಹೆದ್ದಾರಿ ಪಕ್ಕ ಲಾರಿ ಬ್ಯಾಟರಿ ರಿಪೇರಿ ಮಾಡುವವರ ಮಗ. ಹೊಸದುರ್ಗದ ಕಡೆಯಿಂದ ತೆಂಗಿನ ಚಿಪ್ಪು ತರಿಸಿ, ಗಾಳಿಯಿಲ್ಲದ ಕುಲುಮೆಯಲ್ಲಿ ಸುಟ್ಟು, ಆ ಇದ್ದಿಲು ಎಷ್ಟು ಚಾರ್ಜು ಹಿಡಿದಿಟ್ಟುಕೊಳ್ಳುತ್ತದೆ ಎಂದು ನೋಡುವುದು ನಮ್ಮ ಕೆಲಸ. ಅಂಗಿಯ ಗುಂಡಿಯಷ್ಟಿರುವ ಒಂದೊಂದು ಸೆಲ್ಲಿನೊಳಗೂ ಇದ್ದಿಲಿಗೆ ಎದುರಾಗಿ ಒಂದು ಚೂರು ಸೋಡಿಯಂ ಇರುತ್ತಿತ್ತು. ಬೆಣ್ಣೆಯ ಹಾಗೆ ಚಾಕುವಿಗೆ ಬಗ್ಗುವ ಲೋಹ. ನೀರು ಮುಟ್ಟಿತೋ, ಸಿಡಿದು ಉರಿಯುತ್ತದೆ. ಉಳಿದ ಚೂರುಗಳನ್ನು ಸ್ಪಿರಿಟ್ಟಿನಲ್ಲಿ ಒಂದೊಂದಾಗಿ ಬಿಟ್ಟು, ಗುಳ್ಳೆ ನಿಲ್ಲುವ ತನಕ ಕಾಯಬೇಕು. ಅದಕ್ಕೆ ನಾವು ‘ಸಾಯಿಸುವುದು’ ಎನ್ನುತ್ತಿದ್ದೆವು. ಸಾಯಿಸದೆ ಇರುವುದು ಹೊಗೆ ಹೀರುವ ಫ್ಯೂಮ್ ಹುಡ್ಡಿನ ಗಾಜಿನ ಬಾಗಿಲು ದಾಟಿ ಬರುವಂತಿಲ್ಲ. ಸಿಂಕಿನ ಪಕ್ಕಕ್ಕೆ ಬಂದದ್ದೆಲ್ಲ ಸತ್ತದ್ದು, ಕಣ್ಣು ಮುಚ್ಚಿ ತೊಳೆಯಬಹುದು. ಈ ನಿಯಮ ಗೋಡೆಯ ಮೇಲೆ ಎಲ್ಲೂ ಇರಲಿಲ್ಲ. ಅದನ್ನು ನಂಬಿಯೇ ನಾವೆಲ್ಲ ಬದುಕಿದ್ದೆವು.

ಆಯುಧ ಪೂಜೆಯ ಹಿಂದಿನ ದಿನ ಗೈಡ್ ಮೇಡಂ ಎದುರು ನೀನು ಹೇಳಿದ್ದು ಇಷ್ಟೇ — “ತಿಪ್ಪೇಶನ ಸೆಲ್ ಇಷ್ಟು ಚಾರ್ಜು ಹಿಡಿಯಾಕೆ ಸಾಧ್ಯ ಇಲ್ಲ ಮೇಡಂ. ಇದ್ದಿಲಿನ ತೂಕದಾಗೆ ಏನೋ ತಪ್ಪೈತೆ.” ಮೆತ್ತಗೇ ಹೇಳಿದೆ. ಆದರೆ ನನಗೆ ಮಾತಿಗಿಂತ ಮೊದಲು ಕೈ ಬರುತ್ತದೆ — ಈಗಲೂ. ಲ್ಯಾಬಿಗೆ ಬಂದವನೇ ನಿನ್ನ ಕಾಲರ್ ಹಿಡಿದು ಗೋಡೆಗೆ ಒತ್ತಿದೆ. ಕೈಗೆ ಸಿಕ್ಕ ಬೀಕರ್ ಎತ್ತಿ ನಿನ್ನ ಕಿವಿಯ ಪಕ್ಕದ ಗೋಡೆಗೆ ಅಪ್ಪಳಿಸಿದೆ. ಗಾಜಿನ ಚೂರು ನಿನ್ನ ಕೆನ್ನೆ ಗೀರಿ ರಕ್ತ ಇಳಿಯಿತು. ನೀನು ಅದನ್ನು ಒರೆಸಿಕೊಳ್ಳಲೂ ಇಲ್ಲ.

“ಹೊಡಿಯಂಗಿದ್ರೆ ಹೊಡಿ ಲೇ,” ಅಂದೆ ನೀನು. “ತೂಕ ಏನ್ ಬದ್ಲಾಗಲ್ಲ.”

ಆ ವಾರ ಸೋಡಿಯಂ ಸಾಯಿಸುವ ಸರದಿ ನಿನ್ನದು. ಅಷ್ಟು ಆದಮೇಲೂ ನೀನು ಹುಡ್ಡಿನ ಮುಂದೆ ಕೂತು, ಗುಳ್ಳೆ ನಿಲ್ಲುವ ತನಕ ಕಾದು, ಎಲ್ಲ ಮುಗಿಸಿಯೇ ಹೊರಟೆ. ನಾನು ಅದನ್ನು ಕಣ್ಣಾರೆ ನೋಡಿದ್ದೇನೆ ಮಹಬೂಬ. ನೆನಪಿಟ್ಟುಕೋ — ನೋಡಿದ್ದೇನೆ.

ನೀನು ಹೋದಮೇಲೆ ನಿನ್ನ ಮಾತು ಸುಳ್ಳು ಮಾಡಬೇಕೆಂದು ನನ್ನ ಸೆಲ್ಲುಗಳನ್ನು ಇಕ್ಕಳದಿಂದ ಸೀಳಿದೆ. ಇದ್ದಿಲನ್ನು ಮತ್ತೆ ತೂಗಲು ಸೀಳಿದ್ದೆಂದು ಆಗ ಅಂದುಕೊಂಡಿದ್ದೆ. ನಿನ್ನನ್ನು ಸೀಳುವ ಸಿಟ್ಟು ಅದು. ಕರಿ ಮೆತ್ತಿದ ಸೋಡಿಯಂ ಚೂರುಗಳನ್ನೆಲ್ಲ ಒಂದು ಸ್ಟೀಲ್ ಡಬ್ಬಿಗೆ ಕೆರೆದು ಹಾಕಿ, ಗಾಳಿ ತಾಗದಂತೆ ಮೇಲೆ ಎಣ್ಣೆ ಸುರಿದು ಮುಚ್ಚಿದೆ. ಹುಡ್ಡಿನ ಮುಂದೆ ಕಾಯುತ್ತ ಕೂರುವ ತಾಳ್ಮೆ ಎಲ್ಲಿತ್ತು? ಡಬ್ಬಿಯನ್ನು ಸಿಂಕಿನ ಪಕ್ಕ ಕುಕ್ಕಿ, ಬಾಗಿಲು ಒದ್ದು ಹೊರಟೆ. ಬೆಳಗ್ಗೆ ಬಂದು ಸಾಯಿಸಿದರಾಯಿತು ಎಂದುಕೊಂಡೆ. ಅಂದುಕೊಂಡೆನೇ? ಅದೂ ಈಗ ಖಾತ್ರಿಯಿಲ್ಲ. ಅದು ಎಲ್ಲಿ ಇದೆ, ಅಲ್ಲಿದ್ದರೆ ಏನರ್ಥ ಎಂಬುದು ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು.

ಮರುದಿನ ಲ್ಯಾಬೆಲ್ಲ ಚೆಂಡು ಹೂ. ಆ ದಿನ ಆಯುಧಗಳಿಗೆ ರಜೆ, ಯಾವುದನ್ನೂ ಕೆಲಸಕ್ಕೆ ಹಚ್ಚುವಂತಿಲ್ಲ. ತಕ್ಕಡಿ, ಇಕ್ಕಳ, ಸೆಲ್ ಒತ್ತುವ ಯಂತ್ರ ಎಲ್ಲದಕ್ಕೂ ಕುಂಕುಮ. ನಮ್ಮ ಕಣ್ಣು ಕಾಯುವ ಕನ್ನಡಕಗಳನ್ನೂ ತಟ್ಟೆಯಲ್ಲಿ ಜೋಡಿಸಿ, ಒಂದೊಂದು ಗಾಜಿಗೂ ಬೊಟ್ಟಿಟ್ಟು ದೇವರ ಪಟದ ಮುಂದೆ ಇಟ್ಟಿದ್ದರು. ಎಲ್ಲರಿಗಿಂತ ಹೆಚ್ಚು ಓಡಾಡುತ್ತಿದ್ದವನು ನೀನು. ನಿಮ್ಮ ಅಂಗಡಿಯಲ್ಲಿ ವರ್ಷವೂ ಈ ಪೂಜೆಗೆ ಲಾರಿಯವರು ಬರುತ್ತಾರೆಂದು ಚಾರ್ಜರಿಗೆ ಹಾರ ಹಾಕಿ ಅಭ್ಯಾಸ ನಿನಗೆ. ಪೂಜೆಗೆ ಮುಂಚೆ ಉಳಿದ ಪಾತ್ರೆ ತೊಳೆದುಬಿಡುತ್ತೇನೆ ಎಂದು ಸಿಂಕಿಗೆ ಹೋದೆಯಂತೆ. ಕನ್ನಡಕ ಎಂದು ಯಾರೋ ನೆನಪಿಸಿದರಂತೆ. “ಇವತ್ತು ಅವಕ್ಕೂ ರಜಾ ಕೊಡ್ರಪ್ಪ,” ಎಂದು ನಕ್ಕೆಯಂತೆ. ಪೂಜೆಗಿಟ್ಟ ವಸ್ತುವನ್ನು ಯಾರು ತಾನೇ ಎತ್ತಿಕೊಳ್ಳುತ್ತಾರೆ?

ನಾನು ಒಡೆಯುವ ಬೂದುಗುಂಬಳಕಾಯಿ ಹಿಡಿದು ಬಾಗಿಲಿಗೆ ಬಂದಾಗ ಡಬ್ಬಿ ನಿನ್ನ ಕೈಯಲ್ಲಿತ್ತು. ನೀನು ಮುಚ್ಚಳ ತೆಗೆದಿದ್ದೆ. ಕರಿ ಎಣ್ಣೆ ನೋಡಿ ಪಂಪಿನ ಹಳೆ ಎಣ್ಣೆ ಅಂದುಕೊಂಡಿರಬೇಕು. ಈಗ ಹೇಳುವುದು, ಮಹಬೂಬ, ಇಲ್ಲಿಯತನಕ ನನಗೆ ನಾನೇ ಹೇಳಿಕೊಳ್ಳದ ಮಾತು. ಸಮಯ ಇತ್ತು. ಒಂದು ಉಸಿರಿನಷ್ಟು ಹೊತ್ತು ಇತ್ತು. ‘ನೀರು ಬಿಡಬ್ಯಾಡ’ ಎಂದು ಕೂಗಬಹುದಿತ್ತು. ಮೇಡಂ ನನ್ನ ಪಕ್ಕದಲ್ಲೇ ನಿಂತಿದ್ದರು — ಕೂಗಿದರೆ ಡಬ್ಬಿ ನನ್ನದಾಗುತ್ತಿತ್ತು. ನಾನು ಬಾಯಿ ತೆರೆದೆ. ನೀನು ನಲ್ಲಿ ತಿರುಗಿಸಿದೆ.

ನೀರು ಎಣ್ಣೆಯ ಅಡಿಗೆ ಇಳಿದು ಸೋಡಿಯಮ್ಮನ್ನು ಮುಟ್ಟಿತು. ಬಂಡೆ ಸಿಡಿಸಿದ ಸದ್ದು. ಉರಿಯುವ ಎಣ್ಣೆ ಮೇಲೆದ್ದು ನಿನ್ನ ಮುಖಕ್ಕೆ ಬಡಿಯಿತು. ಉರಿವ ಚೂರುಗಳು ಗೋಡೆಗೆ, ಛಾವಣಿಗೆ, ಹೂವಿನ ಹಾರಕ್ಕೆ ಹಾರಿದವು. ನನ್ನ ಕೈಯ ಕುಂಬಳಕಾಯಿ ಬಿದ್ದು ಹೋಳಾಯಿತು. ನೀನು ಕಿರುಚಿದೆ — ಮನುಷ್ಯನ ಸದ್ದಲ್ಲ ಅದು. ಮುಖ ಮುಚ್ಚಿಕೊಂಡು ಮೇಜು, ಕುರ್ಚಿಗಳಿಗೆ ಡಿಕ್ಕಿ ಹೊಡೆಯುತ್ತ ಓಡಿದೆ. ರೆಪ್ಪೆ ಸುಟ್ಟ ವಾಸನೆ, ಚರ್ಮ ಸುಟ್ಟ ವಾಸನೆ. ನಾನು ನಿನ್ನ ಕೂದಲು ಹಿಡಿದು ಎಳೆದು, ಇನ್ನೊಂದು ನಲ್ಲಿಯ ಕೆಳಗೆ ತಲೆ ಅದುಮಿದೆ. ನೀನು ಒದ್ದೆ, ನನ್ನ ಕೈ ಕಚ್ಚಿದೆ. ಬೆರಳಿಂದ ನಿನ್ನ ರೆಪ್ಪೆ ಬಿಡಿಸಿ ನೀರು ಬಿಟ್ಟೆ. ಎಡಗಣ್ಣಿನ ಗುಡ್ಡೆ ಬೇಯಿಸಿದ ಮೊಟ್ಟೆಯ ಹಾಗೆ ಬೆಳ್ಳಗಾಗಿತ್ತು.

ಅದನ್ನು ಕಂಡೊಡನೆ ಕೈ ಎತ್ತಿ ನಿನ್ನ ಕೆನ್ನೆಗೆ ಹೊಡೆದೆ. ಸುಟ್ಟ ಕೆನ್ನೆಗೆ. ಹೊಡೆದು ಕೂಗಿದೆ — “ಎಷ್ಟ್ ಸಲ ಹೇಳಿದ್ದೆ ಲೇ ನಿಂಗೆ, ಸಾಯಿಸದೆ ಸಿಂಕಿಗೆ ತರಬ್ಯಾಡ ಅಂತ!”

ನೀನು ಒದೆಯುವುದನ್ನು ನಿಲ್ಲಿಸಿದೆ. ಕಾಣದ ಮುಖವನ್ನು ನನ್ನ ಕಡೆ ತಿರುಗಿಸಿದೆ.

“ನಂದಾ?” ಅಂದೆ ನೀನು. “ನಾನಾ ಮರ್ತಿದ್ದು?”

“ನಿಂದೇ,” ಅಂದೆ ನಾನು.

ಮೇಡಂ ಕೇಳಲು ಬಂದಾಗ ನಾನು ಏನೂ ಹೇಳಬೇಕಾಗಲಿಲ್ಲ. ಆಸ್ಪತ್ರೆಯ ಹಾಸಿಗೆಯಿಂದ ನೀನೇ ಹೇಳಿದೆ, ಸರದಿ ನಂದು, ತಪ್ಪೂ ನಂದೇ ಎಂದು. ಡಾಕ್ಟರು ಎಡಗಣ್ಣು ತೆಗೆದುಹಾಕಿದರು. ನೀನು ಮತ್ತೆ ಲ್ಯಾಬಿಗೆ ಕಾಲಿಡಲಿಲ್ಲ. ನಿನ್ನ ಅಬ್ಬಾ ಬಂದು ನನ್ನ ಎರಡೂ ಕೈ ಹಿಡಿದುಕೊಂಡು, “ನೀವು ಹಿಡ್ದು ತೊಳೀದಿದ್ರೆ ಇನ್ನೊಂದ್ ಕಣ್ಣೂ ಹೋಗಿರೋದಪ್ಪ,” ಎಂದು ಅತ್ತರು. ಆ ಕೈ ನಾನು ಬಿಡಿಸಿಕೊಳ್ಳಲಿಲ್ಲ. ರಂಜಾನ್ ಬಂದಾಗೆಲ್ಲ ನಿನ್ನ ಮನೆಯಿಂದ ಶಾವಿಗೆ, ಹಾಲಿನ ಸುರಕುಂಬಾ ಬಂತು, ಕುಡಿದೆ. ತೂಕದಲ್ಲಿ ತಪ್ಪಿತ್ತು, ನೀನು ಹೇಳಿದ್ದೇ ಸರಿಯಾಗಿತ್ತು. ಅದನ್ನು ಸದ್ದಿಲ್ಲದೆ ತಿದ್ದಿಕೊಂಡು ಡಾಕ್ಟರೇಟ್ ಪಡೆದೆ. ಈಗ ನನ್ನದೇ ಲ್ಯಾಬ್ ಇದೆ, ನನ್ನ ಕೈಕೆಳಗೆ ವಿದ್ಯಾರ್ಥಿಗಳಿದ್ದಾರೆ. ಸಿಂಕಿನ ಪಕ್ಕ ಯಾವುದಾದರೂ ಡಬ್ಬಿ ಕಂಡರೆ ಅವರ ಮೇಲೆ ಹುಚ್ಚನ ಹಾಗೆ ಎರಗುತ್ತೇನೆ. ಸಾರ್ ತುಂಬಾ ಸ್ಟ್ರಿಕ್ಟು ಎನ್ನುತ್ತಾರೆ.

ಇಷ್ಟೇ ಆಗಿದ್ದರೆ ಬಹುಶಃ ಹೀಗೇ ಸಾಯುತ್ತಿದ್ದೆ. ಹೋದ ವಾರ ನಿನ್ನ ಅಂಗಡಿಗೆ ಬಂದೆನಲ್ಲ — ಆಗ ತೊಟ್ಟಿಲಲ್ಲಿದ್ದ ನಿನ್ನ ಮಗಳು ಸಾನಿಯಾ ಈಗ ಹತ್ತನೇ ಕ್ಲಾಸು ಮುಗಿಸಿ, ಬ್ಯಾಟರಿಗಳ ನಡುವೆ ಕೂತು ನನ್ನನ್ನು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿ ಸುಸ್ತು ಮಾಡಿದಳು. ನಿನ್ನ ಹಾಗೆಯೇ, ಉತ್ತರ ಸರಿಯಿಲ್ಲದಿದ್ದರೆ ತಲೆ ಅಲ್ಲಾಡಿಸುತ್ತಾಳೆ. ಮುಂದೆ ಸೈನ್ಸ್ ತಾನೇ ಅಂದೆ ನಾನು. ನಿನ್ನ ಮುಖ ಕಪ್ಪಿಟ್ಟಿತು.

“ಬ್ಯಾಡ ಅಂದೀನಿ ಕಣೋ. ಕೆಮಿಸ್ಟ್ರಿ ಅಂತ ಹಟ ಹಿಡ್ದು ಕುಂತಾಳೆ. ನಂದು ಮರೆವಿನ ಕೈ, ಇವಳಿಗೂ ಅದೇ ಬಂದಿದ್ರೆ? ಮನೆಗೆ ಒಂದ್ ಕಣ್ಣು ಹೋಗಿದ್ದು ಸಾಕು. ನೀನೇ ಹೇಳಪ್ಪ ಇವಳಿಗೆ, ನೀನು ಕಣ್ಣಾರೆ ಕಂಡೀಯ.”

ಹುಡುಗಿ ನನ್ನ ಕಡೆ ನೋಡಿದಳು. ನನ್ನ ಒಂದು ಮಾತಿಗೆ ಕಾಯುತ್ತಿದ್ದಳು.

“ಅಪ್ಪ ಹೇಳ್ದಂಗೆ ಕೇಳಮ್ಮ,” ಅಂದೆ.

ಅವಳು ತಲೆ ತಗ್ಗಿಸಿದಳು. ನಿನ್ನ ಸುಟ್ಟ ಕೆನ್ನೆಗೆ ಹೊಡೆದ ಅದೇ ಕೈ ಅವಳಿಗೂ ಹೊಡೆದಿತ್ತು, ಈ ಸಲ ಸಿಟ್ಟೂ ಇರಲಿಲ್ಲ. ಕಾರು ಹತ್ತಿದವನು ಹಿರಿಯೂರು ದಾಟುವ ಮೊದಲೇ ನಿಲ್ಲಿಸಿ, ತಿರುಗಿ ಹೋಗಲೋ ಎಂದು ಕೂತೆ. ಅದರಿಂದ ಯಾರಿಗೆ ಏನು ಬಂತು?

ನಾಳೆ ಬರುತ್ತಿದ್ದೇನೆ ಮಹಬೂಬ, ಕಾಲೇಜು ಸೇರುವ ದಿನ ಮೀರುವ ಮೊದಲು. ಕ್ಷಮೆ ಕೇಳಲು ಅಲ್ಲ — ಅದನ್ನು ಯಾವ ಮುಖ ಇಟ್ಟುಕೊಂಡು ಕೇಳಲಿ? ಮೇಡಂಗೂ, ಲ್ಯಾಬಿಗೂ ಹೇಳುತ್ತೇನೆ. ಅವರು ಏನು ಮಾಡಿದರೂ ಸರಿ. ನೀನು ಹೊಡೆದರೆ ನಿಂತು ಹೊಡೆಸಿಕೊಳ್ಳುತ್ತೇನೆ. ಆದರೆ ಮೊದಲು ಸಾನಿಯಾಳನ್ನು ಹೊರಗೆ ಕರೆ. ಅವಳ ಎದುರಿಗೆ ಹೇಳಬೇಕು — ನಿಮ್ಮಪ್ಪ ಮರೆತಿರಲಿಲ್ಲ ತಾಯಿ.