ಬಿರುಕು ಕಾಣುವ ಗೋಡೆ

ಹೊತ್ತು ಇನ್ನೂ ಮೂಡಿಲ್ಲ. ಉತ್ತರದಿಂದ ಬೀಸುವ ಒಣಗಾಳಿಯ ದೂಳಿಗೆ ಊರಿಗೂರೇ ಹಿಟ್ಟಿನ ಗಿರಣಿಯೊಳಗೆ ಕೂತಂತೆ ಮಸುಕಾಗಿದೆ. ನವ್ರೊಂಗೊ ಪೇಟೆಯ ರಸ್ತೆಯಿಂದ ಒಳಗೆ ಸರಿದ ಈ ಕಸೇನಾ ಜನರ ಹಳ್ಳಿಯ ಅಂಚಿನಲ್ಲಿ ಕಚಾನಾ ತಮ್ಮ ಮನೆಯ ಗೋಡೆಗೆ ಅಂಗೈ ಒತ್ತಿಕೊಂಡು ನಿಧಾನವಾಗಿ ಸುತ್ತು ಬರುತ್ತಿದ್ದಾರೆ. ಅಲ್ಲಲ್ಲಿ ನಿಂತು ಬೆರಳ ಗೆಣ್ಣಿನಿಂದ ತಟ್ಟುತ್ತಾರೆ, ಕಿವಿ ಇಡುತ್ತಾರೆ, ಮುಂದೆ ಹೋಗುತ್ತಾರೆ. ಎದ್ದ ಮೇಲೆ ಮುಖ ತೊಳೆಯುವುದಕ್ಕೂ ಮೊದಲು ಮಾಡುವ ಕೆಲಸ ಇದು.

ಅಂಗಳದಲ್ಲಿ ಮೂರು ಕಲ್ಲಿನ ಒಲೆಯ ಮೇಲೆ ದೊಡ್ಡ ಮಡಕೆ ಕುದಿಯುತ್ತಿದೆ. ಒಳಗಿರುವುದು ಅಡುಗೆಯಲ್ಲ, ದವದವ ಮರದ ಕಾಯಿಯ ಸಿಪ್ಪೆ. ನಿನ್ನೆಯಿಂದ ನೆನೆದು ಈಗ ಕೆಂಪಗೆ ರಸ ಬಿಡುತ್ತಿದೆ. ಇದನ್ನು ಪೊರಕೆಯಿಂದ ಗೋಡೆಗೆ ಚಿಮುಕಿಸಿದರೆ ಮಳೆನೀರು ಮಣ್ಣನ್ನು ಹಿಡಿಯದೆ ಜಾರಿ ಹೋಗುತ್ತದೆ. ಒಳಗಿನ ತೇವಕ್ಕೆ ಹೊರಬರಲು ದಾರಿಯೂ ಉಳಿಯುತ್ತದೆ. ಮಡಕೆ ಕಾಯುತ್ತ ಕೂತಿರುವವರು ನೆರೆಮನೆಯ ಲಾರಿಬಾ. ಕಚಾನಾ ಜೊತೆ ಊರೂರು ಸುತ್ತಿ ಗೋಡೆ ಸಾರಿಸುತ್ತಾರೆ. ಬಾಯಿ ಸುಮ್ಮನಿಟ್ಟುಕೊಳ್ಳುವ ಹೆಂಗಸಲ್ಲ.

"ಏನಕ್ಕಾ, ಗೋಡೆ ಏನಂತು? ರಾತ್ರಿ ನಿದ್ದೆ ಬಂತಂತಾ ಅದಕ್ಕೆ?"

"ನಿನ್ನ ಗೊರಕೆಗೆ ಎಚ್ಚರ ಆಯ್ತಂತೆ. ಬೆಂಕಿ ನೋಡು ಸುಮ್ನೆ."

ಸುತ್ತಲಿನ ಹಳ್ಳಿಗಳಲ್ಲಿ ಕಚಾನಾರನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. 'ಮನೆ ಸುಲಿಯೋಳು' ಎಂದರೆ ಎಲ್ಲರಿಗೂ ಗೊತ್ತು. ಮಣ್ಣಿನ ಗೋಡೆಗೆ ಸಿಮೆಂಟು ಮೆತ್ತಿಸಿಕೊಂಡವರ ಮನೆಗೆ ಹೋಗಿ, ಆ ಪದರ ಕಿತ್ತು, ಕೆಳಗಿನ ಗೋಡೆಗೆ ಗಾಳಿಯಾಡಲು ಬಿಟ್ಟು, ಮತ್ತೆ ಸಗಣಿ ಮಣ್ಣಿನ ಸಾರಣೆ ಮಾಡಿಕೊಡುವುದು ಅವರ ಕಸುಬು. ಸಜ್ಜೆಯ ಕೊಯ್ಲು ಮುಗಿದಾಗ ಹಿಡಿದ ಹಾರೆಯನ್ನು ಕೆಳಗಿಡುವುದು ಮೊದಲ ಮಳೆಗೇ. ಕೂಲಿಗೆ ಒಂದಿಷ್ಟು ಸಜ್ಜೆ, ಇಲ್ಲವೇ ಒಂದು ಕೋಳಿ. ಕೆಲವು ಕಡೆ ಬರೀ ಬೈಗುಳ. ಸಿಮೆಂಟು ಎಂದರೆ ಮರ್ಯಾದೆ ಎಂದು ನಂಬಿದವರ ಮನೆಯ ಮುಂದೆ ಹಾರೆ ಹಿಡಿದು ನಿಂತರೆ ಯಾರು ತಾನೇ ಮಣೆ ಹಾಕುತ್ತಾರೆ?

"ಒಬ್ಬ ನಮ್ಮ ಮೇಲೆ ನಾಯಿ ಬಿಟ್ಟಿದ್ದ," ಎನ್ನುತ್ತಾರೆ ಲಾರಿಬಾ. "ನಾಯಿಗೆ ಇದ್ದಷ್ಟು ಬುದ್ಧಿ ಅವನಿಗಿರ್ಲಿಲ್ಲ ನೋಡಿ. ಅದು ಬಂದು ಅಕ್ಕನ ಕಾಲ ಹತ್ರ ಮಲಗಿಬಿಡ್ತು."

ಕಚಾನಾ ವಾಸವಿರುವ ಮನೆಯನ್ನು ಕಟ್ಟಿದವರೂ ಅವರೇ. ಗೋಡೆ ಎಬ್ಬಿಸುವುದು ಗಂಡಸರ ಕೆಲಸ, ಸಾರಿಸುವುದು ಹೆಂಗಸರ ಕೆಲಸ ಎನ್ನುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ಗಂಡ ತೀರಿಕೊಂಡು ಬಹಳ ಕಾಲವಾಯಿತು. ಹುಲ್ಲು ಸೇರಿಸಿ ತುಳಿದ ಮಣ್ಣನ್ನು ಮುದ್ದೆ ಕಟ್ಟಿ, ಮೊಳದೆತ್ತರ ಒಂದು ವರಸೆ ಏರಿಸಿ, ಅದು ಬಿಗಿಯುವವರೆಗೆ ಕಾದು, ಅದರ ಮೇಲೆ ಇನ್ನೊಂದು ವರಸೆ. ಅವಸರ ಮಾಡಿದರೆ ಮಣ್ಣು ಕೂತುಬಿಡುತ್ತದೆ. ಒಂದಕ್ಕೊಂದು ಅಂಟಿಕೊಂಡ ಎರಡು ದುಂಡು ಕೋಣೆಗಳ ಈ ಮನೆ, ಮನೆತನದ ಅಜ್ಜಿಯರು ಬಾಳುತ್ತಿದ್ದ ಹಳೆಯ ಆಕಾರದ್ದು. ಮೇಲೆ ತೊಲೆ, ಕಡ್ಡಿ, ಮಣ್ಣಿನ ಮಾಳಿಗೆ. ಬೆಳಕಿಂಡಿಯೊಂದಿದೆ, ಮಳೆ ಬಂದರೆ ಅದಕ್ಕೆ ಮಡಕೆ ಬೋರಲು ಹಾಕುತ್ತಾರೆ.

ಪಕ್ಕದ ತಗಡಿನ ಮನೆಗಳಲ್ಲಿ ಬೇಸಿಗೆಯ ಮಧ್ಯಾಹ್ನ ಫ್ಯಾನು ತಿರುಗಿದರೂ ಬರುವುದು ಬಿಸಿಗಾಳಿಯೇ. ಕರೆಂಟು ಹೋದರೆ ಅದೂ ಇಲ್ಲ. ಆಗ ಬಾಣಂತಿಯರು ಕೂಸುಗಳನ್ನೆತ್ತಿಕೊಂಡು ಬಂದು ಕಚಾನಾರ ಮನೆಯಲ್ಲಿ ಮಲಗುತ್ತಾರೆ. ಈ ಮನೆಗೆ ಕರೆಂಟು ಬಂದಿಲ್ಲ, ಬರಬೇಕೆಂದು ಯಾರೂ ಕೇಳಿಯೂ ಇಲ್ಲ. "ಬಿಸಿಲು ಈ ಗೋಡೆ ಒಳಗಿಂದ ನಡ್ಕೊಂಡು ಬರೋಷ್ಟರಲ್ಲಿ ಸಂಜೆ ಆಗಿರುತ್ತೆ," ಎನ್ನುತ್ತಾರೆ ಕಚಾನಾ. "ಚಳಿ ದಿನದಲ್ಲಿ ಅದೇ ಬಿಸಿಲು ರಾತ್ರಿ ಹೊದಿಕೆ ಆಗುತ್ತೆ."

ಬಾಗಿಲು ಮಾತ್ರ ತೀರಾ ಗಿಡ್ಡ. ಬಗ್ಗಿ, ಒಳಗಿನ ಗೇಣೆತ್ತರದ ಅಡ್ಡಗಟ್ಟೆ ದಾಟಿ, ಆಮೇಲೆ ತಲೆ ಎತ್ತಬೇಕು. ಹಿಂದೆ ಜನರನ್ನು ಹಿಡಿದು ಮಾರಲು ಬರುತ್ತಿದ್ದವರ ತಲೆ ಮೊದಲು ಒಳಗೆ ಬರಲಿ, ದೊಣ್ಣೆ ಸಿದ್ಧವಾಗಿರುತ್ತದೆ ಎಂದು ಹಿರಿಯರು ಮಾಡಿದ ಉಪಾಯ. ಈಗ ಬಿಸಿಗಾಳಿಯೇ ಬಗ್ಗಲಾರದೆ ಹೊರಗುಳಿಯುತ್ತದೆ.

ಇಷ್ಟೆಲ್ಲ ಇದ್ದೂ ಈ ಮನೆಯೊಳಗಿನ ಒಲೆ ಇನ್ನೂ ಹೊತ್ತಿಲ್ಲ. ಈ ಮನೆತನದ ಪದ್ಧತಿಯಂತೆ, ಯಜಮಾನ ಬಂದು ಕೂತು ಸಜ್ಜೆಹಿಟ್ಟು ಕಲಸಿದ ನೀರು ಕುಡಿದ ಮೇಲೆಯೇ ಹೊಸ ಮನೆಯೊಳಗೆ ಬೆಂಕಿ. ಯಜಮಾನ ಎಂದರೆ ಕಚಾನಾರ ಗಂಡನ ಅಣ್ಣ ಅಲುವಾ. ಮನೆ ಎದ್ದು ಒಂದು ಮಳೆಗಾಲ ಕಳೆದಿದೆ, ಅವರು ಬಂದಿಲ್ಲ. ಸುರಿಯುವ ಮಳೆಯಲ್ಲೂ ಕಚಾನಾ ಅಂಗಳದ ಚಪ್ಪರದಡಿ ಹೊಗೆ ಕುಡಿಯುತ್ತ ಮುದ್ದೆ ತಿರುವಿದ್ದಾರೆ. ಹೆಂಗಸು ಕಟ್ಟಿದ ಮನೆಗೆ ತಲೆ ಬಗ್ಗಿಸಲು ಅಲುವಾಗೆ ಮನಸ್ಸಿಲ್ಲ ಎಂದು ಊರು ಆಡಿಕೊಳ್ಳುತ್ತದೆ. ಆಡುವವರ ಬಾಯಿಗೆ ಬೀಗ ಹಾಕಲಾದೀತೇ? ಏನಾಸೆ ಎಂದು ಕೇಳಿದರೆ ಕಚಾನಾ ಹೇಳುವುದು ಒಂದೇ ಮಾತು: "ಒಳಗೆ ಕೂತು ಮುದ್ದೆ ತಿರುವಬೇಕು, ಅಷ್ಟೆ."

ಅಲುವಾ ಯಾಕೆ ಬರುತ್ತಿಲ್ಲ ಎಂಬುದಕ್ಕೆ ಅವರು ನಂಬಿರುವ ಕಾರಣ ಬೇರೆ. ಅದನ್ನು ಹೇಳುವಾಗ ದನಿ ತಗ್ಗುತ್ತದೆ.

ಇದೇ ಜಾಗದಲ್ಲಿ ಅಲುವಾರ ತಾಯಿಯ, ಅಂದರೆ ಕಚಾನಾರ ಅತ್ತೆಯ ಮನೆ ಇತ್ತು. ಇದೇ ಆಕಾರ, ಇಷ್ಟೇ ಬಾಗಿಲು. ತಾಯಿಗೆ ಗೌರವವಾಗಲಿ ಎಂದು ಅಲುವಾ ಎತ್ತು ಮಾರಿ ಪೇಟೆಯಿಂದ ಸಿಮೆಂಟು ತಂದರು. ಗೋಡೆಗೆ ಮೆತ್ತಿದ್ದು ಕಚಾನಾ. ಅವರಷ್ಟು ನುಣುಪಾದ ಕೈ ಸುತ್ತಮುತ್ತ ಇನ್ನೊಂದಿರಲಿಲ್ಲ. ಅತ್ತೆ ಆ ಗೋಡೆಗೆ ಕೆನ್ನೆ ಇಟ್ಟು, "ನೋಡೇ, ನಂದೂ ಪೇಟೆ ಮನೆ ಆಯ್ತು," ಎಂದು ನಕ್ಕಿದ್ದರಂತೆ.

ಮಣ್ಣಿನ ಗೋಡೆ ಹೇಳದೆ ಬೀಳುವುದಿಲ್ಲ. ಬಿರುಕು ಬಿಡುತ್ತದೆ, ಉಬ್ಬುತ್ತದೆ, ಪುಡಿ ಉದುರಿಸುತ್ತದೆ. ಕಂಡವರು ಆ ವಾರವೇ ಒಂದು ಹಿಡಿ ಮಣ್ಣು ಮೆತ್ತುತ್ತಾರೆ, ಅಲ್ಲಿಗೆ ಮುಗಿಯಿತು. ಈ ಗೋಡೆಗೆ ಹೇಳಲು ಬಾಯಿಯೇ ಇರಲಿಲ್ಲ. ಮಾಳಿಗೆಯ ಅಂಚಿನಿಂದ ಇಳಿದ ನೀರು ಸಿಮೆಂಟಿನ ಹಿಂದೆ ಸೇರಿ, ಹೊರಬರಲು ದಾರಿ ಸಿಗದೆ ಅಲ್ಲೇ ಕೂತಿತು. ಹೊರಗೆ ಥಳಕು, ಒಳಗೆ ಹುಳುಕು. ಒಂದು ಸಂತೆಯ ದಿನ, ಮಳೆ ನಿಂತು ಬಿಸಿಲು ಬಿದ್ದ ಮೇಲೆ, ಶೇಂಗಾ ಸುಲಿಯುತ್ತ ಕೂತಿದ್ದ ಅತ್ತೆಯ ಮೇಲೆ ಗೋಡೆ ಕುಸಿಯಿತು.

"ಸಂತೆಯಿಂದ ಓಡಿ ಬಂದೆ. ಕೈಯಲ್ಲೇ ಮಣ್ಣು ಬಗೆದ್ವಿ," ಎನ್ನುತ್ತಾರೆ ಕಚಾನಾ. "ಒಂದು ಸಿಮೆಂಟು ಚೂರು ಕೈಗೆ ಸಿಕ್ತು. ಅದರ ಮೇಲೆ ನನ್ನ ಅಂಗೈ ಗುರುತು ಹಾಗೇ ಇತ್ತು. ಇನ್ನೂ ನುಣ್ಣಗೇ ಇತ್ತು. ಗೋಡೆ ಒಳಗೊಳಗೇ ಅಳ್ತಿತ್ತು, ನಾನೇ ಅದರ ಬಾಯಿ ಮುಚ್ಚಿದ್ದೆ."

ಮಣ್ಣು ಮಾಡಿ ಬಂದ ದಿನದಿಂದ ಅಲುವಾ ಈ ವಿಷಯವಾಗಿ ಒಂದು ಮಾತೂ ಆಡಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಕಚಾನಾ ಅವಶೇಷದೊಳಗಿಂದ ತೊಲೆಗಳನ್ನು ಎತ್ತಿಟ್ಟುಕೊಂಡರು, ಹಾರೆ ಹಿಡಿದು ಊರೂರಿನ ಸಿಮೆಂಟು ಕೀಳಲು ಹೊರಟರು. ಬಿಡುವು ಸಿಕ್ಕಾಗಲೆಲ್ಲ ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ ಈ ಮನೆಯನ್ನು ಎಬ್ಬಿಸಿದರು. ಭಾವ ಒಮ್ಮೆ ಒಳಗೆ ಬಂದು ಕೂತರೆ ಅದು ತನಗೆ ಕ್ಷಮೆ ಎಂದು ಅವರ ಲೆಕ್ಕ. ಬಾರದಿದ್ದರೆ ಅದೂ ಉತ್ತರವೇ.

ಬಿಸಿಲೇರುತ್ತಿದೆ. ಕಚಾನಾ ಮೊದಲ ಪೊರಕೆ ಕೆಂಪು ರಸ ಗೋಡೆಗೆ ಚಿಮುಕಿಸಿ, ಯಜಮಾನರ ಹಟ್ಟಿಯ ಕಡೆ ಒಮ್ಮೆ ನೋಡುತ್ತಾರೆ. ಲಾರಿಬಾ ಅದನ್ನು ಗಮನಿಸುತ್ತಾರೆ.

"ಅಕ್ಕಾ, ಒಂದು ಮಾತು ಹೇಳ್ತೀನಿ, ಪೊರಕೆಯಲ್ಲಿ ಹೊಡೀಬೇಡ. ಅವರು ದಿನಾ ಸಂಜೆ ಇಲ್ಲಿಗೆ ಬರ್ತಾರೆ. ನೀನು ನೀರಿಗೆ ಹೋದಾಗ. ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತು ಹೋಗ್ತಾರೆ."

"ಯಾರು, ಭಾವನಾ? ಬರೀ ನಿಂತು?"

"ನಿಂತೇ. ಕೂರೋಕೆ ಆದ್ರೆ ತಾನೇ! ನಮ್ಮನೇಲಿ ಹೆಂಡಾನೂ ನಿಂತೇ ಕುಡೀತಾರೆ. ಮಂಡಿ ಹೋಗಿದೆ ಕಣಕ್ಕಾ, ಬಗ್ಗಲ್ಲ. ಯಜಮಾನ ಆದೋನು ತಮ್ಮನ ಹೆಂಡ್ತಿ ಮುಂದೆ ಮಂಡಿನೋವು ಅಂತಾನಾ?"

"ಇಷ್ಟು ದಿನ ಯಾಕೆ ಬಾಯಿ ಬಿಡ್ಲಿಲ್ಲ ನೀನು?"

"ನನ್ನ ಗಂಡ ಆಣೆ ಹಾಕಿಸಿದ್ದ. ಜೀವಮಾನದಲ್ಲಿ ಬಾಯಿ ಬಿಗಿ ಹಿಡಿದಿದ್ದು ಇದೊಂದೇ ಸಲ. ಹೊಟ್ಟೆ ಉಬ್ಬರಿಸಿ ಹೋಗಿದೆ."

ಕಚಾನಾ ನಗುವುದಿಲ್ಲ. ಪೊರಕೆ ಕೆಳಗಿಟ್ಟು ಹಾರೆ ಎತ್ತಿಕೊಳ್ಳುತ್ತಾರೆ. ಬೆಣಚುಕಲ್ಲಿನಿಂದ ಉಜ್ಜಿ ಉಜ್ಜಿ ಹೊಳಪೇರಿಸಿದ ಬಾಗಿಲ ಕಮಾನಿನ ಮುಂದೆ ನಿಂತು ಒಂದು ಏಟು ಹಾಕುತ್ತಾರೆ. ಒಂದು ಹೆಂಟೆ ಉರುಳುತ್ತದೆ. ಇನ್ನೊಂದು ಏಟಿಗೆ ಕೈಯೆತ್ತಿದಾಗ ಹಿಂದಿನಿಂದ ದನಿ ಬರುತ್ತದೆ.

"ಏಯ್, ಏನೇ ಮಾಡ್ತಿದೀಯ?"

ಅಲುವಾ. ಹಾರೆಯ ಸದ್ದಿಗೆ ಕೋಲೂರಿಕೊಂಡು ಬಂದಿದ್ದಾರೆ, ಏದುಸಿರು ಬಿಡುತ್ತಿದ್ದಾರೆ.

"ಬಾಗಿಲು ಎತ್ತರಿಸ್ತಿದೀನಿ ಭಾವ."

"ಯಾಕೆ?"

"ಎತ್ತರದೋರು ಬರೋದಿದೆ."

ಅಲುವಾ ಲಾರಿಬಾರ ಕಡೆ ನೋಡುತ್ತಾರೆ. ಲಾರಿಬಾ ಮಡಕೆಯೊಳಗೆ ಏನೋ ಬೀಳಿಸಿಕೊಂಡವರ ಹಾಗೆ ಹುಡುಕುತ್ತಾರೆ.

"ಅಮ್ಮನ ಬಾಗಿಲು ಎಷ್ಟಿತ್ತು?"

"ಇಷ್ಟೇ ಭಾವ."

"ಹಾಗಾದ್ರೆ ಮುಟ್ಟಬೇಡ."

ಅವರು ಕೋಲನ್ನು ಪಕ್ಕಕ್ಕಿಟ್ಟು ಬಾಗಿಲಿಗೆ ಬೆನ್ನು ಮಾಡಿ ನಿಲ್ಲುತ್ತಾರೆ. ಗೋಡೆಗೆ ಒರಗಿ, ಹಲ್ಲು ಕಚ್ಚಿ, ಮೆಲ್ಲಗೆ ಜಾರುತ್ತ ಜಾರುತ್ತ ನೆಲಕ್ಕೆ ಕೂರುತ್ತಾರೆ. ಗೋಡೆ ಅವರ ಭಾರ ಹೊರುತ್ತದೆ. ಆಮೇಲೆ ಕಾಲು ಮುಂದೆ ಚಾಚಿ, ಅಂಗೈ ಊರಿ ಅಡ್ಡಗಟ್ಟೆಯ ಮೇಲೆ ಮೈ ಎತ್ತಿಕೊಂಡು, ಹಿಂದುಹಿಂದಕ್ಕೆ ಸರಿಯುತ್ತ ಕತ್ತಲೊಳಗೆ ಹೋಗುತ್ತಾರೆ.

"ಅಮ್ಮ ಕಡೆಗಾಲದಲ್ಲಿ ಹೀಗೇ ಹೋಗ್ತಿದ್ಲು," ಒಳಗಿನಿಂದ ದನಿ ಬರುತ್ತದೆ. "ಮರೆತೇ ಹೋಗಿತ್ತು ನನಗೆ."

ಕಚಾನಾ ಬಗ್ಗಿ ಹಿಂದೆಯೇ ಹೋಗುತ್ತಾರೆ. ಬೆಳಕಿಂಡಿಯ ಬೆಳಕಲ್ಲಿ ಅಲುವಾ ತಲೆಯೆತ್ತಿ ತೊಲೆಗಳನ್ನು ನೋಡುತ್ತಿದ್ದಾರೆ. ಹೊಗೆ ಹಿಡಿದು ಕಪ್ಪಾದ ಹಳೆಯ ತೊಲೆಗಳು, ಹೊಸ ಮನೆಯವಲ್ಲ. ಅವು ಎಲ್ಲಿಯವೆಂದು ಅವರಿಗೆ ಯಾರೂ ಹೇಳಬೇಕಿಲ್ಲ.

"ಸಿಮೆಂಟು ತಂದೋನು ನಾನು," ಎನ್ನುತ್ತಾರೆ. "ನಿನ್ನ ಮುಖ ನೋಡೋಕೆ ಆಗ್ತಿರ್ಲಿಲ್ಲ."

"ಮೆತ್ತಿದೋಳು ನಾನು ಭಾವ."

ಅತ್ತೆ ಸತ್ತ ದಿನದಿಂದ ಈ ಇಬ್ಬರ ನಡುವೆ ಆಡದೆ ಉಳಿದಿದ್ದ ಮಾತು ಇಷ್ಟೇ. ಒಬ್ಬೊಬ್ಬರೂ ತಪ್ಪೆಲ್ಲ ತನ್ನದೇ ಎಂದು ಬೇರೆ ಬೇರೆ ಮನೆಗಳಲ್ಲಿ ಕೂತು ಸವೆದಿದ್ದಾರೆ. ಕಚಾನಾ ಮಣ್ಣಾದ ಕೈಯಿಂದಲೇ ಕಣ್ಣೊರೆಸಿಕೊಂಡು, ಸೋರೆಬುರುಡೆಯಲ್ಲಿ ಹಿಟ್ಟಿನ ನೀರು ಕಲಸಿ ಎರಡೂ ಕೈಯಲ್ಲಿ ಕೊಡುತ್ತಾರೆ. ಅಲುವಾ ಒಂದು ತೊಟ್ಟು ನೆಲಕ್ಕೆ ಬಿಟ್ಟು, ಉಳಿದದ್ದನ್ನು ಕುಡಿಯುತ್ತಾರೆ.

"ಒಲೆ ಹಚ್ಚು."

ಲಾರಿಬಾ ಅಂಗಳದ ಒಲೆಯಿಂದ ಕೆಂಡ ತಂದು ಬಾಗಿಲಲ್ಲಿ ಚಾಚುತ್ತಾರೆ. "ಯಜಮಾನ್ರೇ, ಒಳಗೇನೋ ಹೋದ್ರಿ, ಹೊರಗೆ ಬರೋದು ಹೆಂಗೆ?"

"ತಂಪಾಗಿದೆ ಇಲ್ಲಿ. ನಿನಗೇನು ಅವಸರ?"

ಮೊದಲ ಹೊಗೆ ತೊಲೆಗಳ ನಡುವೆ ತಡವರಿಸಿ, ಬೆಳಕಿಂಡಿ ಹುಡುಕಿಕೊಂಡು ಮೇಲೇರುತ್ತದೆ. ಅಲುವಾ ಒರಗಿದಲ್ಲಿಂದಲೇ ಗೋಡೆಯ ಮೇಲೆ ಅಂಗೈ ಆಡಿಸುತ್ತಾರೆ. ಒಂದು ಕಡೆ ಬೆರಳು ನಿಲ್ಲುತ್ತದೆ.

"ಇಲ್ಲೊಂದು ಬಿರುಕಿದೆಯಲ್ಲೇ."

ಕಚಾನಾ ಒಲೆ ಊದುವುದನ್ನು ನಿಲ್ಲಿಸಿ ತಲೆ ಎತ್ತುತ್ತಾರೆ. ಈ ಬೆಳಗಿನಲ್ಲಿ ಮೊದಲ ಸಲ ಅವರ ಮುಖದಲ್ಲಿ ನಗು ಇದೆ.

"ಇದೆ ಭಾವ. ಕಾಣ್ತಾ ಇದೆ ಅಲ್ವಾ?"