ಒಣಗೈ, ಒದ್ದೆಗೈ

ಒಣಗೈ ಒಂದು, ಒದ್ದೆಗೈ ಒಂದು. ಮೀನು ಕರಿಯುವ ವಿದ್ಯೆಯೆಲ್ಲ ಇಷ್ಟರಲ್ಲೇ ಇದೆ ಎಂದು ಮದುವೆಯಾಗಿ ಬಂದ ಹೊಸತರಲ್ಲೇ ಅತ್ತೆಗೆ ಪಾಠ ಹೇಳಲು ಹೋಗಿ ವ್ಲಾಸ್ತಾ ಚೆನ್ನಾಗಿ ಬೈಸಿಕೊಂಡಿದ್ದಳು. ಎಡಗೈ ಮೈದಾಹಿಟ್ಟಿಗೆ ಮತ್ತು ಬ್ರೆಡ್ ಪುಡಿಗೆ. ಬಲಗೈ ಕದಡಿದ ಮೊಟ್ಟೆಗೆ. ಒಂದರ ಕೆಲಸಕ್ಕೆ ಇನ್ನೊಂದು ಕೈ ಹಾಕಿತೋ, ಬೆರಳಿಗೆಲ್ಲ ಹಿಟ್ಟು ಮೆತ್ತಿಕೊಂಡು ಮೀನಿಗಿಂತ ಮೊದಲು ಕೈಯನ್ನೇ ಕರಿಯಬೇಕಾಗುತ್ತದೆ. ಬೈದ ಅತ್ತೆಯೇ ಆ ವರ್ಷ ಕ್ರಿಸ್ಮಸ್ ಹಿಂದಿನ ಸಂಜೆ ಸೊಸೆಯ ಮೀನನ್ನು ಎರಡು ಸಲ ಬಡಿಸಿಕೊಂಡಳು. ಅಂದಿನಿಂದ ಆ ಮನೆಯ ಬಾಣಲೆ ವ್ಲಾಸ್ತಾಳದು.

ದಕ್ಷಿಣ ಬೊಹೀಮಿಯದ ಆ ಊರಿನ ಸುತ್ತ ಎಲ್ಲಿ ನೋಡಿದರೂ ಕೆರೆ. ವ್ಲಾಸ್ತಾಳ ಗಂಡ ಬೋಹುಷ್ ಕೆರೆಗಳ ನೀರು ಬಿಟ್ಟು ಬಲೆ ಎಳೆಯುವ ಕೆಲಸದಲ್ಲೇ ಕೂದಲು ನರೆತವನು. ಹಬ್ಬಕ್ಕೆ ಒಳ್ಳೆಯ ಗೆಂಡೆ ಮೀನು ತಂದು, ಅಂಗಳದಲ್ಲೇ ಹುರುಪೆ ಕೆರೆದು, ಲಾಳದ ಆಕಾರದ ತುಂಡು ಮಾಡಿ, ತಟ್ಟೆಯನ್ನು ಅಡುಗೆಮನೆಯ ಹೊಸ್ತಿಲಿನಲ್ಲಿ ಹೆಂಡತಿಯ ಕೈಗೆ ಕೊಟ್ಟರೆ ಅವನ ಪಾಲಿನ ಕೆಲಸ ಮುಗಿಯಿತು. ಹೊಸ್ತಿಲಿನಾಚೆಗೆ ಅವನು ಕಾಲಿಟ್ಟದ್ದಿಲ್ಲ. ವ್ಲಾಸ್ತಾ ಇಡಗೊಡಲೂ ಇಲ್ಲ. ಹಗಲೆಲ್ಲ ಲಾಂಡ್ರಿಯಲ್ಲಿ ನಿಂತು ಊರಿನವರ ಹಾಸಿಗೆ ಹೊದಿಕೆಗಳಿಗೆಲ್ಲ ಇಸ್ತ್ರಿ ತಿಕ್ಕಿ ಬರುತ್ತಿದ್ದ ಹೆಂಗಸಿಗೆ, ಯಾರ ಅಪ್ಪಣೆಯೂ ನಡೆಯದ ಜಾಗ ಅದೊಂದೇ ಆಗಿತ್ತು.

ಈ ಸಲದ ಬೇಸಿಗೆ ಮುಗಿಯುವ ಹೊತ್ತಿಗೆ ಅವಳಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಮಾತು ಉಳಿಯಿತು. ನಾಲಿಗೆ ಮೊದಲಿಗಿಂತ ಹರಿತವಾಯಿತೆಂದು ಬೋಹುಷ್ ನೆರೆಯವರ ಹತ್ತಿರ ಹೇಳಿಕೊಂಡ. ಬಲಗಾಲು ಎಳೆಯುತ್ತಿತ್ತು, ಕುರ್ಚಿಯಿಂದ ಏಳುವುದೆಂದರೆ ಒಂದು ದೊಡ್ಡ ಕಾರ್ಯಕ್ರಮ. ಬಲಗೈ ಮಾತ್ರ ಪೂರ್ತಿ ಕೈಕೊಟ್ಟಿತು. ಮಡಿಲಲ್ಲಿ ಮಲಗಿಸಿದರೆ ಮಲಗಿರುತ್ತಿತ್ತು, ಅಷ್ಟೇ.

ಪ್ರಾಗ್‌ನಲ್ಲಿದ್ದ ಮಗಳು ರಾದ್ಕಾ ಓಡಿಬಂದಳು. ಎಲ್ಲ ನೋಡಿ, ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದಳು:

"ಈ ಸಲ ಹಬ್ಬ ನಮ್ಮ ಮನೇಲಿ ಅಮ್ಮ. ಮೀನನ್ನ ಓವನ್ನಲ್ಲಿ ಇಟ್ಬಿಡ್ತೀನಿ. ಎಣ್ಣೆ ಇಲ್ಲ, ಗಲೀಜಿಲ್ಲ, ಅಪಾಯ ಇಲ್ಲ."

"ರುಚೀನೂ ಇಲ್ಲ," ಎಂದಳು ವ್ಲಾಸ್ತಾ.

"ಕಾದ ಎಣ್ಣೆ ಮುಂದೆ ಒಂದೇ ಕೈ ಇಟ್ಕೊಂಡು ನಿಲ್ತೀಯಾ? ನನಗೆ ಅಲ್ಲಿ ನಿದ್ದೆ ಬರುತ್ತಾ ಹೇಳು."

ಮಗಳ ಕಣ್ಣಲ್ಲಿ ನೀರಿತ್ತು, ಅದು ವ್ಲಾಸ್ತಾಳಿಗೂ ಕಂಡಿತು. ಆದರೆ ಅವಳಿಗೆ ಇನ್ನೊಂದೂ ಗೊತ್ತಿತ್ತು. ಒಂದು ಸಲ ಮನೆ ಬಿಟ್ಟು ಹೋದ ಹಬ್ಬ ಮತ್ತೆ ಆ ಮನೆಗೆ ಬರುವುದಿಲ್ಲ. ಮೊದಲ ವರ್ಷ ಅಮ್ಮನಿಗೆ ಹುಷಾರಿಲ್ಲ ಅನ್ನುತ್ತಾರೆ, ಎರಡನೇ ವರ್ಷ ರೂಢಿಯಾಗಿದೆ ಅನ್ನುತ್ತಾರೆ, ಮೂರನೇ ವರ್ಷ ಯಾರೂ ಏನೂ ಅನ್ನುವುದಿಲ್ಲ. ಆಮೇಲೆ ಅವಳು ಮಗಳ ಮನೆಯ ಮೇಜಿಗೆ ಬಂದ ಅತಿಥಿ, ಅಷ್ಟೇ.

"ಮೂರನೇ ಮೇಣದಬತ್ತಿ ಹಚ್ಚೋ ಭಾನುವಾರ ಬಾ," ಎಂದಳು. ಹಬ್ಬಕ್ಕೆ ಮುಂಚಿನ ನಾಲ್ಕು ಭಾನುವಾರ ವಾರಕ್ಕೊಂದರಂತೆ ಮೇಣದಬತ್ತಿ ಹಚ್ಚುವುದು ಅಲ್ಲಿನ ರೂಢಿ. "ನಿನ್ನ ಕಣ್ಣೆದುರಿಗೇ ಕರೀತೀನಿ. ಮೀನಿನ ಮೇಲಿನ ಪುಡಿ ಹೊದಿಕೆ ಬಿಟ್ಟುಹೋದ್ರೆ, ಇಲ್ಲಾ ನನ್ನ ಚರ್ಮ ಸುಟ್ರೆ, ಬಾಯಿ ಮುಚ್ಕೊಂಡು ನಿನ್ನ ಓವನ್ ಮನೆಗೆ ಬರ್ತೀನಿ."

"ಸತ್ಯವಾಗಿ?"

"ಬಾಯಿ ಮುಚ್ಕೊಂಡು ಅನ್ನೋದು ಬಿಟ್ಟು ಎಲ್ಲಾ ಸತ್ಯ."

ಗೆಂಡೆ ಮೀನಿನ ಮೇಲೆ ದಿನವೂ ಅಭ್ಯಾಸ ಮಾಡಲಾಗದು, ಆದ್ದರಿಂದ ಹೂಕೋಸಿನಿಂದ ಶುರುವಾಯಿತು. ಹೇಗೂ ಮೀನಿನ ಮುಳ್ಳಿಗೆ ಹೆದರುವ ಮೊಮ್ಮಗಳು ಬಾರ್ಚಾಳಿಗೆ ಪ್ರತಿ ವರ್ಷ ಹೂಕೋಸನ್ನು ಅದೇ ರೀತಿ ಕರಿಯುತ್ತಿದ್ದದ್ದೇ. ಮೊದಲ ದಿನ ಒಂದೇ ಕೈಯಲ್ಲಿ ಹಿಟ್ಟು, ಮೊಟ್ಟೆ, ಪುಡಿ ಮೂರನ್ನೂ ನಿಭಾಯಿಸಹೋದಳು. ನಾಲ್ಕನೇ ಹೂವಿಗೆ ಎಡಗೈ ಬೆರಳುಗಳೆಲ್ಲ ಒಂದಾಗಿ ಗದೆಯಂತಾದವು. ಪುಡಿಯ ತಟ್ಟೆಯ ತುಂಬ ಉಂಡೆಗಳು. ನಲ್ಲಿ ತಿರುಗಿಸಿ ಕೈ ತೊಳೆಯೋಣವೆಂದರೆ ಕೈಯನ್ನು ತಿಕ್ಕಲು ಇನ್ನೊಂದು ಕೈ ಬೇಕಲ್ಲ! ವ್ಲಾಸ್ತಾ ಅತ್ತಳು. ದುಃಖಕ್ಕಲ್ಲ, ಸಿಟ್ಟಿಗೆ. ಮಡಿಲ ಮೇಲಿದ್ದ ಬಲಗೈಗೆ, "ತಿನ್ನೋಕೆ ಮಾತ್ರ ಜೊತೆಗಿದ್ಯಲ್ಲ ಇಷ್ಟು ವರ್ಷ, ದಂಡಪಿಂಡ!" ಎಂದು ಬೈದಳು.

ಮರುದಿನ ಮುಳ್ಳುಚಮಚದಿಂದ ಮೊಟ್ಟೆಯಲ್ಲಿ ಅದ್ದಿದಳು. ಬ್ರೆಡ್ ಪುಡಿಯನ್ನು ಮುಚ್ಚಳದ ಡಬ್ಬಿಗೆ ಹಾಕಿ, ಹೂವುಗಳನ್ನು ಅದರೊಳಗೆ ಬಿಟ್ಟು, ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಕುಲುಕಿದಳು. ಹೊದಿಕೆ ಸಮನಾಗಿ ಕೂತಿತು! ಸೆಲರಿ ಗೆಡ್ಡೆಯ ಬಿಲ್ಲೆಗಳೂ ಬಗ್ಗಿದವು. ಬಾಣಲೆಯನ್ನು ಹಿಂದಿನ ಒಲೆಯ ಮೇಲೆ, ಹಿಡಿ ಗೋಡೆಯ ಕಡೆಗೆ ಮಾಡಿ ಇಡುವುದನ್ನು ಕಲಿತಳು. ಎಣ್ಣೆ ಕಾದಿದೆಯೋ ಇಲ್ಲವೋ ಎಂದು ಒಂದು ಚಿಟಿಕೆ ಪುಡಿ ಉದುರಿಸಿ, ಅದರ ಸದ್ದು ಕೇಳಿಯೇ ಹೇಳುತ್ತಿದ್ದಳು. ಬೋಹುಷ್ ಮಧ್ಯಾಹ್ನವೂ ಹೂಕೋಸು, ರಾತ್ರಿಯೂ ಹೂಕೋಸು ತಿಂದ.

"ಜೀವನಪೂರ್ತಿ ಮೀನು ಹಿಡಿದೋನಿಗೆ ಕೊನೆಗಾಲದಲ್ಲಿ ಮೇಕೆ ಮೇವು," ಎಂದು ಗೊಣಗಿದ.

"ಮೇಕೆಗಾದ್ರೆ ಗಡ್ಡ ಚೆನ್ನಾಗಿರುತ್ತೆ. ತಿನ್ನು."

ಆದರೆ ಮೀನು ಹೂಕೋಸಲ್ಲ. ಆ ಭಾನುವಾರಕ್ಕೆ ಮುಂಚಿನ ದಿನ ಬೋಹುಷ್ ಪ್ರಯೋಗಕ್ಕೆಂದು ಒಂದು ಸಣ್ಣ ಗೆಂಡೆ ತಂದು, ತುಂಡು ಮಾಡಿ, ಹೊಸ್ತಿಲಿನಲ್ಲಿ ಕೊಟ್ಟ. ಲಾಳದ ತುಂಡು ಮುಳ್ಳುಚಮಚಕ್ಕೆ ಭಾರ, ಎತ್ತುವಾಗಲೇ ಎರಡಾಯಿತು. ಡಬ್ಬಿಯಲ್ಲಿ ಕುಲುಕಿದರೆ ಮುಕ್ಕಾಯಿತು. ಹೇಗೋ ಹೊದಿಕೆ ಹೊದೆಸಿ ಎಣ್ಣೆಗೆ ಬಿಟ್ಟರೆ ಹೊದಿಕೆ ಒಂದು ಕಡೆ, ಮೀನು ಒಂದು ಕಡೆ. ಎಣ್ಣೆ ಸಿಡಿದು ಅವಳ ಮಣಿಕಟ್ಟಿಗೆ ಬಿತ್ತು. ಒಲೆ ಆರಿಸಿದಳು. ಕುಣಿಯಲಾರದವಳು ನೆಲ ಡೊಂಕು ಅನ್ನಬಹುದಿತ್ತು, ಎಣ್ಣೆ ಸರಿಯಿಲ್ಲ ಅನ್ನಬಹುದಿತ್ತು. ಅವಳು ಅದನ್ನೂ ಅನ್ನಲಿಲ್ಲ. ನಾಳೆ ಮಗಳು ಬರುತ್ತಾಳೆ, ನಾಳೆಗೆ ಎಲ್ಲ ಮುಗಿಯುತ್ತದೆ ಎಂಬುದೊಂದೇ ತಲೆಯಲ್ಲಿತ್ತು.

ಹೊಸ್ತಿಲಿನಾಚೆಯಿಂದ ಬೋಹುಷ್ ಕೇಳಿದ: "ಒಳಗೆ ಬರ್ಲಾ?"

"ಕಾಲಿಟ್ರೆ ಮುರೀತೀನಿ."

"ಮುರಿ. ಆಮೇಲೆ ಇಬ್ರೂ ಕುಂಟ್ಕೊಂಡು ರಾದ್ಕಾ ಮನೆಗೇ ಹೋಗೋಣ."

ವ್ಲಾಸ್ತಾ ಗಂಡನನ್ನು ನೋಡಿದಳು. ಆಮೇಲೆ ಅಡುಗೆಮನೆಯನ್ನು ಒಂದು ಸುತ್ತು ನೋಡಿದಳು. ರಾಜ್ಯ ಉಳಿಯಬೇಕಾದರೆ ಗಡಿ ತೆರೆಯಲೇಬೇಕು. ಅದನ್ನು ಒಪ್ಪಿಕೊಳ್ಳುವುದು ಲಕ್ವಕ್ಕಿಂತ ಕಷ್ಟವಾಯಿತು ಅವಳಿಗೆ.

"ಬೂಟ್ಸ್ ಬಿಚ್ಚಿ ಬಾ," ಎಂದಳು. "ಕೈ ತೊಳಿ, ಸೋಪಲ್ಲಿ. ನೀನು ಒದ್ದೆಗೈ. ಮೊಟ್ಟೆ ಬಿಟ್ಟು ಬೇರೆ ಏನನ್ನೂ ಮುಟ್ಟಕೂಡದು."

"ಹುಟ್ಟಿದಾಗಿಂದ ನಾನು ಒದ್ದೆಗೈನೇ ಅಲ್ವೇನೇ ಮುದುಕಿ?"

ಹೇಳಿದಷ್ಟು ಸುಲಭವಾಗಲಿಲ್ಲ. ಅವಳು ಹಿಟ್ಟಿನಲ್ಲಿ ಹೊರಳಿಸಿ ಕೊಟ್ಟ ತುಂಡನ್ನು ಬೋಹುಷ್ ಬಲೆಯಿಂದ ಜಾರುವ ಮೀನನ್ನು ಹಿಡಿಯುವಂತೆ ಅಮುಕಿ ಹಿಡಿದ. ಹೆಬ್ಬೆಟ್ಟಿದ್ದ ಜಾಗಕ್ಕೆ ಮೊಟ್ಟೆ ತಾಗದೆ ಅಲ್ಲಿ ಬೋಳು.

"ಅಯ್ಯೋ ಮಾರಾಯ, ಅದು ಸತ್ತು ಆಗ್ಲೇ ಎಷ್ಟು ಹೊತ್ತಾಯ್ತು! ಓಡಿಹೋಗಲ್ಲ, ಮೆತ್ತಗೆ ಹಿಡಿ."

"ನನ್ನ ಕೈಯಿಂದ ತಪ್ಪಿಸ್ಕೊಂಡ ಮೀನಿಲ್ಲ."

"ಮದ್ವೆ ಆದಾಗ ನಾನೂ ಹಾಗೇ ಅಂದ್ಕೊಂಡಿದ್ದೆ. ಬೆರಳ ತುದೀಲಿ ಹಿಡಿ."

ಸಂಜೆಯ ಹೊತ್ತಿಗೆ ಇಬ್ಬರಿಗೂ ಒಂದು ಲಯ ಸಿಕ್ಕಿತು. ಹಿಟ್ಟು ಅವಳು, ಮೊಟ್ಟೆ ಅವನು, ಪುಡಿ ಮತ್ತೆ ಅವಳು.

ಭಾನುವಾರ ರಾದ್ಕಾ ಬಂದಾಗ ಅಪ್ಪ ಏಪ್ರನ್ ಕಟ್ಟಿಕೊಂಡು ಅಡುಗೆಮನೆಯೊಳಗೆ ನಿಂತಿದ್ದ. ಅವಳಿಗೆ ಕೈಚೀಲ ಕೆಳಗಿಡುವುದೇ ಮರೆತುಹೋಯಿತು.

"ಇದು ಮೋಸ! ನೀನೇ ಕರೀತೀನಿ ಅಂದಿದ್ದೆ."

"ಕರಿಯೋದು ನಾನೇ. ಇದು ನನ್ನ ಬಲಗೈ. ಸ್ವಲ್ಪ ಉದ್ದ, ಬಾಯಿ ಬೇರೆ ಇದೆ, ಏನ್ಮಾಡ್ಲಿ."

ಮೀನಿನ ವಾಸನೆ ಹಿಡಿಯಬಾರದೆಂದು ಮೊದಲು ಹೂಕೋಸು, ಆಮೇಲೆ ಮೀನು. ಇಕ್ಕಳ ವ್ಲಾಸ್ತಾಳ ಎಡಗೈಯಲ್ಲೇ ಇತ್ತು. ಬಾಣಲೆಯ ಹತ್ತಿರ ಗಂಡನನ್ನೂ ಬಿಡಲಿಲ್ಲ. ತುಂಡುಗಳು ಹೊಂಬಣ್ಣಕ್ಕೆ ತಿರುಗಿ ಎದ್ದವು. ಹೊದಿಕೆ ಎಲ್ಲೂ ಬಿಡಲಿಲ್ಲ. ರಾದ್ಕಾ ಒಂದು ತುಂಡು ಮುರಿದು ಬಾಯಿಗಿಟ್ಟು ಅಗಿದಳು. ಸೋತೆನೆಂದು ಬಾಯಿಬಿಟ್ಟು ಹೇಳುವ ಜಾತಿಯಲ್ಲ ಅವಳು, ಯಾರ ಮಗಳು!

"ಮೀನು ಸರಿ," ಎಂದಳು ಕೊನೆಗೆ. "ಆದ್ರೆ ಹಬ್ಬದ ಊಟ ಆದ್ಮೇಲೆ ಏಳೋದು ಹೇಗಮ್ಮ?"

ವ್ಲಾಸ್ತಾ ಇಕ್ಕಳ ಕೆಳಗಿಟ್ಟಳು. ತಾನೂ ಅದನ್ನೇ ಯೋಚಿಸುತ್ತಿದ್ದಳು. ಕ್ರಿಸ್ಮಸ್ ಹಿಂದಿನ ಸಂಜೆ ಊಟಕ್ಕೆ ಕೂತವರು ನಡುವೆ ಏಳುವಂತಿಲ್ಲ. ಊಟ ಮುಗಿದ ಮೇಲೆ ಎಲ್ಲರೂ ಒಟ್ಟಿಗೇ ಏಳಬೇಕು. ಮೊದಲು ಎದ್ದವರು ಮುಂದಿನ ವರ್ಷ ಆ ಮೇಜಿಗೆ ಬರಲು ಬದುಕಿರುವುದಿಲ್ಲ ಎನ್ನುತ್ತಾರೆ. ನಂಬಿಕೆ ಇಲ್ಲ ಎನ್ನುವ ರಾದ್ಕಾಳೂ ಒಂದು ವರ್ಷವೂ ಇದನ್ನು ಮೀರಿದವಳಲ್ಲ. ವ್ಲಾಸ್ತಾಳಿಗೆ ತನ್ನ ಬಗ್ಗೆ ಭಯವಿರಲಿಲ್ಲ. ತಾನು ಇನ್ನೂ ಏಳುತ್ತಿರುವಾಗಲೇ ಮಗಳೋ ಮೊಮ್ಮಗಳೋ ಎದ್ದು ನಿಂತುಬಿಟ್ಟರೆ?

"ನಮ್ಮ ಮನೇಲಾದ್ರೆ ಆ ಶಾಸ್ತ್ರ ಬಿಟ್ಬಿಡೋಣ ಅಂತಿದ್ದೆ," ಎಂದಳು ರಾದ್ಕಾ ಮೆಲ್ಲಗೆ.

"ಯಾವುದನ್ನೂ ಬಿಡೋದಿಲ್ಲ. ನೀವು ಬನ್ನಿ. ನಾನು ಏಳ್ತೀನಿ."

ಹಬ್ಬದ ಸಂಜೆ ಬಂತು. ಸೂಪು, ಆಲೂಗಡ್ಡೆ ಸಲಾಡ್, ಹೂಕೋಸು, ಮೀನು, ನಿಂಬೆ ಎಲ್ಲವೂ ಮೊದಲೇ ಮೇಜಿನ ಮೇಲೆ ಬಂದವು. ಹೆಬ್ಬೆಟ್ಟಿನ ಬೋಳು ಇದ್ದ ಒಂದು ತುಂಡನ್ನು ಬೋಹುಷ್ ಯಾರಿಗೂ ಕಾಣದಂತೆ ತನ್ನ ತಟ್ಟೆಗೆ ಎಳೆದುಕೊಂಡ. ಅದು ವ್ಲಾಸ್ತಾಳಿಗೆ ಕಂಡಿತು, ಹಬ್ಬವೆಂದು ಬಿಟ್ಟಳು. ಅಳಿಯ ಮೂರು ತುಂಡು ತಿಂದ. ಬಾರ್ಚಾ ಹೂಕೋಸಿನ ತಟ್ಟೆಯನ್ನು ಬೆರಳಿನಿಂದ ಒರೆಸಿ ಪುಡಿಯನ್ನೂ ಬಿಡಲಿಲ್ಲ.

ಊಟ ಮುಗಿಯಿತು. ವ್ಲಾಸ್ತಾ ಎಡಗೈಯನ್ನು ಮೇಜಿನ ಮೇಲೆ ಊರಿದಳು.

"ಹೂಂ. ಏಳಿ."

ಯಾರೂ ಏಳಲಿಲ್ಲ. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅವಳು ಕುರ್ಚಿಯಿಂದ ಗೇಣಷ್ಟು ಮೇಲೆದ್ದಳು. ರಾದ್ಕಾಳೂ ಗೇಣಷ್ಟೇ ಎದ್ದಳು. ಬೋಹುಷ್ ಹೆಂಡತಿಯ ಬಲತೋಳಿನ ಕೆಳಗೆ ಕೈ ಕೊಟ್ಟು, ಬೆರಳ ತುದಿಯಲ್ಲಿ ಮೆತ್ತಗೆ ಹಿಡಿದ. ಅವಳು ನಡುವೆ ನಿಂತು ಉಸಿರು ತೆಗೆದುಕೊಂಡಾಗ ಇಡೀ ಸಂಸಾರವೇ ಅರ್ಧ ಎದ್ದು ನಿಂತಿತ್ತು. ಅಳಿಯನ ಮೊಣಕಾಲು ನಡುಗುತ್ತಿತ್ತು. ಬಾರ್ಚಾಳಿಗೆ ನಗು ತಡೆಯಲಾಗುತ್ತಿರಲಿಲ್ಲ, ಆದರೆ ಅವಳೂ ಒಂದು ಕೂದಲೆಳೆ ಮೇಲೇಳಲಿಲ್ಲ.

"ನಿಧಾನ ಅಮ್ಮ," ಎಂದಳು ರಾದ್ಕಾ. "ನಾವೆಲ್ಲ ಇದ್ದೀವಿ."

ಇನ್ನೊಂದು ಸಲ ಉಸಿರು ಕಟ್ಟಿ ವ್ಲಾಸ್ತಾ ಎದ್ದಳು. ಎಲ್ಲರೂ ಎದ್ದರು. ನೆಟ್ಟಗೆ ನಿಂತು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಯಾರೂ ಮೊದಲಾಗಿರಲಿಲ್ಲ, ಯಾರೂ ಕೊನೆಯಾಗಿರಲಿಲ್ಲ.

"ಮುಂದಿನ ವರ್ಷ ನಾನು ಒಂದು ದಿನ ಮುಂಚೇನೇ ಬರ್ತೀನಿ," ಎಂದಳು ರಾದ್ಕಾ ಕಣ್ಣೊರೆಸಿಕೊಳ್ಳುತ್ತ. "ಮೊಟ್ಟೆ ನಾನು ನೋಡ್ಕೋತೀನಿ."

"ಮೊಟ್ಟೆಗೆ ಆಳಿದ್ದಾನೆ," ಎಂದಳು ವ್ಲಾಸ್ತಾ. "ನೀನು ಬಾ, ಬಾಣಲೆ ತೊಳಿ."